ಗೋಡೆಯ ಕಡೆಯ ಬಾಗಿಲು

ಕುಟ್, ಕುಟ್ ಎಂದು ಸದ್ದು ಬಂತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಕುಟ್.

ಮಲಗಿದ್ದಲ್ಲೇ ಬ್ರೇಕ್ ಅಕ್ಕ ಕಣ್ಣು ತೆರೆದಳು. ರಾತ್ರಿ ಎಂಥ ಸದ್ದು ಕೇಳಿದರೂ ಅವಳಿಗೆ ಮೊದಲು ನೆನಪಾಗುವುದು ಹೊರಗೆ ನಿಲ್ಲಿಸಿದ ಕಾರು. ಯಾರೋ ಗಾಜು ಒಡೆಯುತ್ತಿದ್ದಾರೆ. ಅಲ್ಲ, ಗಾಜಾದರೆ ಒಂದೇ ಸಲ ಒಡೆದು ಮುಗಿಯುತ್ತದೆ. ಹಾಗಾದರೆ ಚಕ್ರ ಬಿಚ್ಚುತ್ತಿದ್ದಾರೆ. ಚಕ್ರ ಬಿಚ್ಚುವ ಕಳ್ಳರು ಹೀಗೆ ಮಗುವಿನ ಬೆನ್ನು ತಟ್ಟಿದಷ್ಟು ಮೆತ್ತಗೆ ಕುಟ್ಟುತ್ತಾರೆಯೇ? ಗಂಡನನ್ನು ಎಬ್ಬಿಸೋಣವೆಂದು ಪಕ್ಕಕ್ಕೆ ಕೈ ಚಾಚಿದಳು. ಹಾಸಿಗೆ ಖಾಲಿಯಿತ್ತು.

ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಗಂಡ ನೆಲಕ್ಕೆ ಹಳೇ ಪತ್ರಿಕೆ ಹಾಸಿಕೊಂಡು, ತನ್ನ ಔಷಧಿ ಅಂಗಡಿಯ ಪಿಂಗಾಣಿ ಬಟ್ಟಲನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಕಪ್ಪು ಮಾತ್ರೆಗಳನ್ನು ಕುಟ್ಟುತ್ತಿದ್ದ. ಅವನ ಮೂಗಿನ ತುದಿ ಕಪ್ಪಗಾಗಿತ್ತು.

"ರೀ, ಏನಿದು?"

"ಇದ್ದಿಲ ಮಾತ್ರೆ. ಹೊಟ್ಟೇಲಿ ಗಾಳಿ ತುಂಬಿಕೊಂಡವರಿಗೆ ಕೊಡೋದು."

"ನಿಮಗೆ ಹೊಟ್ಟೆನೋವಾ?"

"ನನಗಲ್ಲ. ನಿನ್ನ ಕಾರಿಗೆ."

ಅವಳು ಬಾಗಿಲಿಗೆ ಒರಗಿ ನಿಂತಳು. ಗಂಡ ತಲೆ ಎತ್ತದೆ ಹೇಳಿದ. "ಪುಡಿ ಆದ ಮೇಲೆ ತುಟಿಗೆ ಹಚ್ಚೋ ಜೆಲ್ಲಿ ಹಾಕಿ ಅರೀತೀನಿ. ಎರಡು ಹನಿ ಗ್ಲಿಸರಿನ್. ಒಣಗಿದ ಚರ್ಮಕ್ಕೆ ಜಿಡ್ಡು ಬೇಕು, ಬಿಳಿಚಿಕೊಂಡಿದ್ದಕ್ಕೆ ಬಣ್ಣ ಬೇಕು. ಪ್ಲಾಸ್ಟಿಕ್ಕೂ ಒಂದು ಚರ್ಮಾನೇ. ನಿನ್ನ ಬಂಪರಿಗೆ ಬಂದಿರೋದು ಚರ್ಮರೋಗ ಕಣೇ, ಬೇರೇನೂ ಅಲ್ಲ."

"ಇದನ್ನ ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಿಲ್ಲ. ಯೋಚನೆ ಮಾಡಿದೆ," ಎಂದ ಅವನು, ಸ್ವಲ್ಪ ಹೆಮ್ಮೆಯಿಂದ.

ಅವಳಿಗೆ ನಿದ್ದೆ ಬರದಿದ್ದರೆ ಅದು ಸಹಜ. ತಲೆ ದಿಂಬಿಗೆ ತಾಕಿದರೆ ಗೊರಕೆ ಹೊಡೆಯುವ ಗಂಡನಿಗೂ ನಿದ್ದೆ ಬಂದಿಲ್ಲವೆಂದರೆ ನಾಳೆಯ ವಿಷಯ ತಾನು ಅಂದುಕೊಂಡದ್ದಕ್ಕಿಂತ ದೊಡ್ಡದಿರಬೇಕು ಎಂದು ಅವಳಿಗನ್ನಿಸಿತು.

ಅವಳು ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಿದ್ದಳು. ಬ್ರೇಕ್ ಅಕ್ಕ ಎಂಬುದು ಕಲಿಯಲು ಬಂದವರು ಇಟ್ಟ ಹೆಸರು. ಪಾಠದಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಅದೇ. ದೂರದಲ್ಲಿ ಬೆಕ್ಕು ಮೈಮುರಿದರೆ ಬ್ರೇಕ್. ಯಾರಾದರೂ ಛತ್ರಿ ಬಿಚ್ಚಿದರೆ ಬ್ರೇಕ್. ಚೆಂಡು ಕಾಣದೆ ಬರೀ ಮಕ್ಕಳ ಕೂಗು ಕೇಳಿದರೂ ಬ್ರೇಕ್. ಮದುವೆಯಾದ ಮೇಲೆ ವರ್ಷಗಟ್ಟಲೆ ಗಂಡನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಔಷಧಿಗಳ ಅವಧಿ ಮುಗಿಯುವ ತಾರೀಖು ಓದಿ ಓದಿ, ಜಗತ್ತಿನಲ್ಲಿ ಎಲ್ಲವೂ ಇವತ್ತೋ ನಾಳೆಯೋ ಕೆಡುವಂಥದ್ದೇ ಎಂದು ಅವಳಿಗೆ ಖಾತ್ರಿಯಾಗಿತ್ತು. ನಲವತ್ತರ ಹತ್ತಿರ ಕಾರು ಕಲಿತಾಗ ಮಾತ್ರ, ಕೆಡುಕನ್ನು ಮೊದಲೇ ಕಾಣುವ ತನ್ನ ಈ ಗುಣಕ್ಕೂ ಒಂದು ಉಪಯೋಗವಿದೆ ಎಂದು ಗೊತ್ತಾಯಿತು. ಅವಳ ಬಳಿ ಕಲಿತವರು ಯಾರೂ ಇವತ್ತಿನವರೆಗೆ ಒಂದು ಕೋಳಿಗೂ ಗುದ್ದಿರಲಿಲ್ಲ.

ಆದರೆ ಬೀದಿಯ ಕೊನೆಯಲ್ಲಿ ಇನ್ನೊಂದು ಶಾಲೆ ಶುರುವಾಗಿತ್ತು. ಅದನ್ನು ನಡೆಸುವವನು ಹಗಲಿಡೀ, ಮನೆಯೊಳಗೂ ಸಹ, ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ. ಊರು ಅವನನ್ನು ಕೂಲಿಂಗ್ ಗ್ಲಾಸ್ ಎಂದೇ ಕರೆಯುತ್ತಿತ್ತು. ಅವನದು ಹೊಸ ಕಾರು. ಹಾಲಿನ ಕೆನೆಯ ಬಣ್ಣದ ಸೀಟು, ಒಳಗೆ ತಣ್ಣನೆ ಗಾಳಿ, ಮೆತ್ತಗೆ ಹಾಡು. ಬ್ರೇಕ್ ಅಕ್ಕನ ಹತ್ತಿರ ಉಳಿದವರು ಇಬ್ಬರೇ. ಅವರಲ್ಲೂ ಒಬ್ಬಳು ಅವಳ ಓರಗಿತ್ತಿಯ ತಂಗಿ, ದಾಕ್ಷಿಣ್ಯಕ್ಕೆ ಬರುತ್ತಿದ್ದವಳು.

"ಯಾಕೆ ಒದ್ದಾಡ್ತೀಯ? ಕಾರು ಮಾರಿ ಅಂಗಡಿಗೆ ಬಂದುಬಿಡು. ನಿನ್ನ ಸ್ಟೂಲಿಗೆ ಹೊಸ ಮೆತ್ತೆ ಹೊಲಿಸಿದೀನಿ," ಎಂದು ಹೋದ ವಾರ ಗಂಡ ಪ್ರೀತಿಯಿಂದಲೇ ಹೇಳಿದ್ದ. ಎದುರಿಗೆ ಬಂದ ಯಾವ ಲಾರಿಗೂ ಅವಳು ಆ ಮೆತ್ತೆಗೆ ಹೆದರಿದಷ್ಟು ಹೆದರಿದ್ದಿಲ್ಲ.

ಅಂಥದ್ದರಲ್ಲಿ ಆಸ್ಪತ್ರೆಯ ಮೇಟ್ರನ್ನಿನ ಫೋನು. ರಾತ್ರಿ ಪಾಳಿಯ ನರ್ಸುಗಳನ್ನು ಮನೆಗೆ ಬಿಡುತ್ತಿದ್ದ ಬಸ್ಸು ನಿಂತುಹೋಗಿದೆ. ಹುಡುಗಿಯರೆಲ್ಲ ಕಾರು ಕಲಿಯಬೇಕು. ಎಲ್ಲರನ್ನೂ ಒಂದೇ ಕಡೆ ಕಳಿಸುವುದು. ಯಾವ ಕಡೆ ಎಂಬುದನ್ನು ಮೇಟ್ರನ್ ತಾವೇ ಕೂತು ಓಡಿಸಿ ನೋಡಿ ತೀರ್ಮಾನಿಸುತ್ತಾರೆ. ನಾಳೆ ಬೆಳಗ್ಗೆ ಮೊದಲು ನಿಮ್ಮಲ್ಲಿ, ಆಮೇಲೆ ಅವನಲ್ಲಿ.

"ನಿಮ್ಮ ಕಾರು ಹಳೇದಂತೆ. ಹಳೇದಾದ್ರೆ ನನಗೇನೂ ಇಲ್ಲ. ನಾನೂ ಹಳಬಳೇ. ಗಲೀಜಿರಬಾರದು ಅಷ್ಟೇ," ಎಂದಿದ್ದರು ಮೇಟ್ರನ್.

ಕಾರು ಗಲೀಜಾಗಿರಲಿಲ್ಲ. ಆದರೆ ಹಾಗೆ ಕಾಣುತ್ತಿತ್ತು. ನೀಲಿ ಬಣ್ಣ ಇನ್ನೂ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಬಣ್ಣ ಹಚ್ಚದೆ ಬಿಟ್ಟ ಕಪ್ಪು ಪ್ಲಾಸ್ಟಿಕ್ಕು. ಮುಂದಿನ ಬಂಪರು, ಹಿಂದಿನ ಬಂಪರು, ಬಾಗಿಲುಗಳ ಉದ್ದಕ್ಕೂ ಬರುವ ಅಗಲ ಪಟ್ಟಿ, ಕನ್ನಡಿಗಳ ಬೆನ್ನು. ವರ್ಷಗಳ ಬಿಸಿಲಿಗೆ ಬೆಂದು ಅವೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಹಿಂದೆ ಯಾವಾಗಲೋ ಹಚ್ಚಿದ ಪಾಲಿಶ್ ಅದರ ತರಿತರಿಯೊಳಗೆ ಬಿಳಿಯ ಗೆರೆಯಾಗಿ ಕೂತಿತ್ತು. ಒಟ್ಟಿನಲ್ಲಿ ಕಾರು ಒಲೆಯ ಬೂದಿಯಲ್ಲಿ ಹೊರಳಿ ಎದ್ದ ನಾಯಿಯಂತೆ ಕಾಣುತ್ತಿತ್ತು. ಅಂಗಡಿಯಿಂದ ತಂದ ದ್ರಾವಣ ಹಚ್ಚಿದರೆ ಎರಡು ಸಲ ತೊಳೆಯುವವರೆಗೆ ಮಿಂಚಿ ಮತ್ತೆ ಬೂದಿ. ಅತ್ತೆಯ ಸಲಹೆಯಂತೆ ಅಡುಗೆ ಎಣ್ಣೆ ಹಚ್ಚಿದ್ದೂ ಆಗಿತ್ತು. ಆಗ ಬೀದಿಯ ಧೂಳೆಲ್ಲ ಅದಕ್ಕೇ ಅಂಟಿತು. ಒಂದು ನಾಯಿಯಂತೂ ಬಂಪರ್ ನೆಕ್ಕಲು ಕಾರಿನ ಹಿಂದೆಯೇ ಓಡುತ್ತಿತ್ತು. ಕಲಿಯಲು ಬಂದಿದ್ದ ಹೆಂಗಸೊಬ್ಬಳು, "ಅಕ್ಕ, ಇದು ನಮ್ಮನ್ನ ಓವರ್‌ಟೇಕ್ ಮಾಡ್ತಿದೆ," ಎಂದು ಅತ್ತುಬಿಟ್ಟಿದ್ದಳು.

ಬೆಳಕು ಹರಿಯುವ ಮೊದಲೇ ಗಂಡ ಹೆಂಡತಿ ಕಾರಿನ ಬಳಿ ಕೂತರು. ಅವಳು ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಸೋಪುನೀರು ಹಾಕಿ ತರಿಗಳೊಳಗಿನ ಬಿಳಿ ತೆಗೆದು, ಒಣಗಿಸಿ, ನೀಲಿ ಬಣ್ಣಕ್ಕೆ ತಾಗದಂತೆ ಅಂಚಿಗೆಲ್ಲ ಕಾಗದದ ಟೇಪು ಅಂಟಿಸಿದಳು. ಗಂಡ ಸ್ಪಂಜಿನ ತುಂಡಿನಲ್ಲಿ ಲೇಪವನ್ನು ಅದ್ದಿ, ಗಾಯಕ್ಕೆ ಮುಲಾಮು ಹಚ್ಚುವಂತೆ ಸಣ್ಣ ಸಣ್ಣ ಸುತ್ತು ಹಾಕಿ ಹಚ್ಚುತ್ತ ಬಂದ. ಬೂದಿ ಮರೆಯಾಯಿತು. ಅದರ ಜಾಗಕ್ಕೆ ಕಪ್ಪು ಬಂತು. ಬರೀ ಕಪ್ಪಲ್ಲ, ಕಾರು ಕೊಂಡ ದಿನ ಶೋರೂಮಿನ ದೀಪದಡಿ ಕಂಡಿದ್ದಂಥ ಆಳವಾದ, ತಣ್ಣನೆಯ ಕಪ್ಪು.

ಇಬ್ಬರೂ ಎದ್ದು ಹಿಂದೆ ಸರಿದು ನೋಡಿದರು.

"ಹತ್ತು ವರ್ಷ ಚಿಕ್ಕದಾಯ್ತು," ಎಂದ ಗಂಡ.

ಕಿಟಕಿಯೊಳಗಿಂದ ಅತ್ತೆಯ ದನಿ ಬಂತು. "ಎಮ್ಮೆ ಮೈ ತೊಳೆದು ಎಣ್ಣೆ ಹಚ್ಚಿದ ಹಾಗಿದೆ. ಚೆನ್ನಾಗಿದೆ. ಹಾಲು ಎಷ್ಟು ಕೊಡುತ್ತೆ?"

"ಅಮ್ಮ, ನೀನು ಮಲಗು."

"ಮಲಗೋಕೆ ಬಿಟ್ರಲ್ವಾ ನೀವು? ರಾತ್ರಿ ಇಡೀ ಕುಟ್ ಕುಟ್ ಅಂತ. ಯಾರಿಗಪ್ಪಾ ಬಾಣಂತನ ಅಂದ್ಕೊಂಡೆ."

ಗಂಡ ಒಂದು ಬನಿಯನ್ನು ಹರಿದು ಹೆಂಡತಿಯ ಕೈಗಿಟ್ಟ. "ಈಗ ಒರೆಸಬೇಕು. ಬಟ್ಟೆಗೆ ಕಪ್ಪು ಹತ್ತೋದು ನಿಲ್ಲೋವರೆಗೂ ಒರೆಸು. ನಿಲ್ಲದಿದ್ರೆ ಮುಟ್ಟಿದವರಿಗೆಲ್ಲ ಹತ್ತುತ್ತೆ." ಹೇಳಿದವನು ಗಡಿಯಾರ ನೋಡಿ ಅಂಗಡಿ ತೆರೆಯಲು ಓಡಿದ.

ಬಟ್ಟೆಗೆ ಕಪ್ಪು ಹತ್ತುವುದು ಅಷ್ಟು ಸುಲಭಕ್ಕೆ ನಿಲ್ಲಲಿಲ್ಲ. ಅವಳು ಒರೆಸಿದಳು. ಬನಿಯನ್ನು ಮಡಿಸಿ, ತಿರುಗಿಸಿ, ಒಳಹೊರಗು ಮಾಡಿ ಒರೆಸಿದಳು. ಅದು ಮುಗಿದಾಗ ಹಗ್ಗದ ಮೇಲೆ ಒಣಗಿದ್ದ ಇನ್ನೊಂದನ್ನು ತಂದಳು, ಆಮೇಲೆ ಬೀರುವಿನಲ್ಲಿದ್ದ ಮತ್ತೊಂದನ್ನು. ಮುಂದಿನ ಬಂಪರು ಆಯಿತು. ಹಿಂದಿನದೂ ಆಯಿತು. ಬೀದಿಯ ಕಡೆಯ ಬಾಗಿಲುಗಳು, ಆ ಕಡೆಯ ಕನ್ನಡಿ ಆಯಿತು. ಬೆರಳಿಟ್ಟು ಉಜ್ಜಿ ನೋಡಿದರೂ ಬೆರಳು ಶುಭ್ರ. ಇನ್ನೊಂದು ಬದಿಗೆ ಕೈ ಹಾಕಬೇಕೆನ್ನುವಾಗ ಬನಿಯನ್ನೂ ಮುಗಿದಿತ್ತು, ಹೊತ್ತೂ ಮುಗಿದಿತ್ತು. ಬೀದಿಯ ತಿರುವಿನಲ್ಲಿ ಬಿಳಿಯ ಯೂನಿಫಾರಂ ಕಾಣಿಸಿತು.

ಅವಳು ಟೇಪು ಕಿತ್ತೆಸೆದು, ಕಾರಿಗೆ ಹತ್ತಿ, ಒರೆಸದ ಬದಿ ಕಾಂಪೌಂಡ್ ಗೋಡೆಗೆ ಬರುವಂತೆ ಒತ್ತರಿಸಿ ನಿಲ್ಲಿಸಿದಳು. ಗೋಡೆಗೂ ಕಾರಿಗೂ ನಡುವೆ ಉಳಿದದ್ದು ಒಂದು ಸಂದಿ. ಅಲ್ಲಿಗೆ ಯಾರು ಹೋಗುತ್ತಾರೆ?

ಮೇಟ್ರನ್ ಎತ್ತರಕ್ಕೂ ಅಗಲಕ್ಕೂ ಸಮನಾಗಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಯೂನಿಫಾರಂ ನಡೆಯುವಾಗ ಕಾಗದದಂತೆ ಸದ್ದು ಮಾಡುತ್ತಿತ್ತು. ಬಿಳಿಯ ಬೂಟು, ಬಿಳಿಯ ಬೆಲ್ಟು. ಅವರು ಕಾರನ್ನು ವಾರ್ಡಿಗೆ ಹೊಸದಾಗಿ ಸೇರಿದ ರೋಗಿಯನ್ನು ನೋಡುವಂತೆ ಮುಂದಿನಿಂದ ಹಿಂದಿನವರೆಗೆ ನೋಡಿದರು.

"ಹಳೇದು ಅಂದ್ರು? ಬಂಪರ್ ಹೊಸದರ ಹಾಗಿದೆಯಲ್ಲ."

"ಹಾಗೇ ಇಟ್ಕೊಂಡಿದೀವಿ ಮೇಡಂ," ಎಂದು ಬ್ರೇಕ್ ಅಕ್ಕ ಬಾಗಿಲು ತೆರೆದು ಹಿಡಿದಳು. ಮೇಟ್ರನ್ ಏನನ್ನೂ ಮುಟ್ಟದೆ ನೇರವಾಗಿ ಸೀಟಿಗೆ ಹೋಗಿ ಕೂರಬೇಕು, ಇಳಿಯುವಾಗಲೂ ತಾನೇ ಬಾಗಿಲು ತೆರೆಯಬೇಕು ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು.

ಮೇಟ್ರನ್ ಹತ್ತಲಿಲ್ಲ. "ಮೊದಲು ಕಾರಿಗೆ ಒಂದು ಸುತ್ತು ಬರಬೇಕಂತಲ್ಲ? ನಮ್ಮ ಹುಡುಗಿಯೊಬ್ಬಳ ಅಕ್ಕ ನಿಮ್ಮ ಹತ್ರ ಕಲಿತಿದ್ದಳು. ಅವಳೇ ಹೇಳಿದ್ದು. ಸುತ್ತು ಬಂದು, ಬಗ್ಗಿ ಕೆಳಗೆ ನೋಡದೆ ಬ್ರೇಕ್ ಅಕ್ಕ ಕಾರು ಮುಟ್ಟೋಕೂ ಬಿಡಲ್ಲ ಅಂತ."

ಅದು ನಿಜವಾಗಿತ್ತು. ಅದು ಅವಳ ಶಾಲೆಯ ಮೊದಲ ಪಾಠ. ಕಾರಿನಡಿ ನಾಯಿಮರಿ ಮಲಗಿರಬಹುದು, ಮಗುವಿನ ಆಟಿಕೆ ಹೋಗಿರಬಹುದು, ಆಟಿಕೆಯ ಹಿಂದೆ ಮಗುವೇ ಹೋಗಿರಬಹುದು. ಈ ಪಾಠವನ್ನು ಒಂದು ದಿನವೂ ಅವಳು ಬಿಟ್ಟವಳಲ್ಲ.

"ಇವತ್ತು ಬೇಡ ಮೇಡಂ. ನಾನಾಗಲೇ ಸುತ್ತು ಬಂದಿದೀನಿ."

"ಇಂಜೆಕ್ಷನ್ ನೀವು ತಗೊಂಡ್ರೆ ಜ್ವರ ನನಗೆ ಇಳಿಯುತ್ತಾ?"

"ಹಾಗಲ್ಲ... ಆ ಕಡೆ ಜಾಗ ಕಮ್ಮಿ ಇದೆ."

ಅದು ಹೇಳಬಾರದ ಮಾತಾಗಿತ್ತು. ಮೇಟ್ರನ್ ತಮ್ಮನ್ನು ಒಮ್ಮೆ ನೋಡಿಕೊಂಡರು, ಸಂದಿಯನ್ನು ಒಮ್ಮೆ ನೋಡಿದರು. "ನಾನು ಹಿಡಿಸಲ್ಲ ಅಂತೀರಾ?"

"ಅಯ್ಯೋ, ಇಲ್ಲ ಮೇಡಂ. ಕಾರು ಮುಂದೆ ತಗೋತೀನಿ, ಒಂದು ನಿಮಿಷ..."

ಆ ಹೊತ್ತಿಗೆ ಮೇಟ್ರನ್ ಹೊಟ್ಟೆ ಒಳಗೆಳೆದುಕೊಂಡು, ಮುಖ ಗೋಡೆಗೆ, ಬೆನ್ನು ಕಾರಿಗೆ ಮಾಡಿ, ಅಡ್ಡಡ್ಡವಾಗಿ ಸಂದಿಯೊಳಗೆ ಹೊಕ್ಕಾಗಿತ್ತು. ಬಟ್ಟೆ ಪ್ಲಾಸ್ಟಿಕ್ಕಿಗೆ ಉಜ್ಜುವ ಸದ್ದು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನಿಧಾನವಾಗಿ ಸಾಗಿತು. ನಡುವೆ ಒಂದು ಕಡೆ ನಿಂತಿತು. ಮತ್ತೆ ಸಾಗಿತು. ಆ ತುದಿಯಿಂದ ಹೊರಬಂದ ಮೇಟ್ರನ್ ಗೆದ್ದವರಂತೆ ಉಸಿರು ಬಿಟ್ಟು, ಬಗ್ಗಿ ಕಾರಿನಡಿ ನೋಡಿದರು.

"ಕೆಳಗೆ ಯಾರೂ ಇಲ್ಲ. ಒಂದು ಚಪ್ಪಲಿ ಬಿದ್ದಿದೆ. ನಿಮ್ದಾ?"

ಬ್ರೇಕ್ ಅಕ್ಕನಿಗೆ ಚಪ್ಪಲಿ ಕಾಣಲಿಲ್ಲ. ಬಗ್ಗಿದ ಮೇಟ್ರನ್ನಿನ ಹಿಂಭಾಗದಲ್ಲಿ, ಈ ಸೊಂಟದಿಂದ ಆ ಸೊಂಟದವರೆಗೆ, ಸ್ಕೇಲಿಟ್ಟು ಎಳೆದಂತೆ ನೇರವಾದ ಕಪ್ಪು ಪಟ್ಟೆ ಇತ್ತು. ಅದರ ಮೇಲೆ, ಬೆನ್ನಿನ ಮಧ್ಯಕ್ಕೆ, ಕನ್ನಡಿಯ ಬೆನ್ನು ಒತ್ತಿದ ಒಂದು ದುಂಡು ಮುದ್ರೆ.

ಕಾರು ಹೊರಟಿತು. ಸೀಟಿನ ಹೊದಿಕೆ ಕಡುಕಂದು, ಅದರ ಚಿಂತೆಯಿರಲಿಲ್ಲ. ಹೇಳಬೇಕು, ಈಗಲೇ ಹೇಳಿಬಿಡಬೇಕು ಎಂದು ಅವಳು ನಾಲಿಗೆಯ ತುದಿಯಲ್ಲಿ ವಾಕ್ಯ ಸಿದ್ಧಮಾಡಿಕೊಂಡಳು. ತಪ್ಪು ನನ್ನದು, ಒಗೆಸಿಕೊಡುತ್ತೇನೆ, ಕ್ಷಮಿಸಿ. ಹೇಳಿದರೆ ನರ್ಸುಗಳು ಬರುವುದಿಲ್ಲ. ಬರದಿದ್ದರೆ ಕಾರು ಹೋಗುತ್ತದೆ, ಆಮೇಲೆ ಇರುವುದು ಸ್ಟೂಲು. ಆದರೂ ಹೇಳಬೇಕು.

"ಮೇಡಂ, ನಿಮ್ಮ ಯೂನಿ..."

ಎದುರಿನ ಗಲ್ಲಿಯಿಂದ ಸೈಕಲ್ಲೊಂದು ನುಗ್ಗಿತು. "ಬ್ರೇಕ್," ಎಂದಳು. ಮೇಟ್ರನ್ ಒತ್ತಿದರು. ಸೈಕಲ್ಲಿನವನು ಬೈದುಕೊಂಡು ಹೋದ.

"ಮೇಡಂ, ಒಂದು ವಿಷಯ. ನಿಮ್ಮ ಹಿಂದೆ..."

ಮೇಟ್ರನ್ ತಟ್ಟನೆ ಮೇಲಿನ ಕನ್ನಡಿ ನೋಡಿದರು. "ಲಾರಿ ಬರ್ತಿದೆ. ನೋಡಿದೆ. ದಾರಿ ಬಿಡ್ಲಾ?"

"ಬಿಡಿ," ಎಂದಳು ಬ್ರೇಕ್ ಅಕ್ಕ, ಕ್ಷೀಣವಾಗಿ.

ಮೇಟ್ರನ್ ಕಾರನ್ನು ವಾರ್ಡಿನ ಸುತ್ತು ಹೊಡೆಯುವಂತೆ ಓಡಿಸುತ್ತಿದ್ದರು. ರಸ್ತೆಯ ನಟ್ಟನಡುವೆ, ಎದುರಾದವರೆಲ್ಲ ತಾವಾಗಿಯೇ ಗೋಡೆಗೆ ಒತ್ತಿಕೊಳ್ಳುತ್ತಾರೆಂಬ ನಂಬಿಕೆಯಿಂದ. ಅವಳು ಅದನ್ನು ಅಳುಕುತ್ತಲೇ ಹೇಳಿದಳು. ಎಡಕ್ಕೆ ಬನ್ನಿ ಎಂದಳು. ತಿರುವಿನಲ್ಲಿ ಹಾರ್ನ್ ಮಾಡಿದರೆ ಸಾಲದು, ನಿಧಾನವೂ ಆಗಬೇಕು ಎಂದಳು. ಬೆಕ್ಕಿಗೆ, ಛತ್ರಿಗೆ, ಮುಚ್ಚಿದ ಗೇಟಿಗೆ ಸಹ ಬ್ರೇಕ್ ಎಂದಳು. ಕೊನೆಗೆ ಆಸ್ಪತ್ರೆಯ ಹಿಂದಿನ ನಿರ್ಜನ ರಸ್ತೆಯಲ್ಲಿ ಮೇಟ್ರನ್ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಅವಳ ಕಡೆ ತಿರುಗಿದರು.

"ನಿಮಗೊಂದು ಮಾತು ಹೇಳ್ಬೇಕು. ನಾನು ಮೇಟ್ರನ್ ಆದ ಮೇಲೆ ನನ್ನ ಮುಖಕ್ಕೆ ನನ್ನ ತಪ್ಪು ಯಾರೂ ಹೇಳಿಲ್ಲ. ಹೆದರ್ತಾರೆ. ನೀವೂ ಹೆದರ್ತೀರಿ, ನೋಡಿದೆ. ಆದ್ರೂ ಕಂಡಿದ್ದನ್ನ ಕಂಡ ಹಾಗೆ ಹೇಳಿದ್ರಿ. ನಮ್ಮ ಹುಡುಗೀರಿಗೆ ಇಂಥೋರೇ ಬೇಕು."

ಆಗ ಹೇಳಬಹುದಿತ್ತು. ರಸ್ತೆಯಲ್ಲಿ ಸೈಕಲ್ಲಿರಲಿಲ್ಲ, ಲಾರಿಯಿರಲಿಲ್ಲ, ಬೆಕ್ಕಿರಲಿಲ್ಲ. ಇಂಜಿನ್ನಿನ ಸದ್ದೂ ಇರಲಿಲ್ಲ.

"ಥ್ಯಾಂಕ್ಸ್ ಮೇಡಂ," ಎಂದಳು ಬ್ರೇಕ್ ಅಕ್ಕ.

ಆಸ್ಪತ್ರೆಯ ಗೇಟಿನ ಬಳಿ ಕೂಲಿಂಗ್ ಗ್ಲಾಸ್ ತನ್ನ ಹೊಸ ಕಾರಿಗೆ ಒರಗಿ ನಿಂತಿದ್ದ. ಮೇಟ್ರನ್ನನ್ನು ಕಂಡವನೇ ಓಡಿ ಬಂದು ಬಾಗಿಲು ತೆರೆದ. ಅವನ ಕಪ್ಪು ಕನ್ನಡಕಕ್ಕೆ ಕಪ್ಪು ಪಟ್ಟೆ ಕಂಡಿತೋ ಇಲ್ಲವೋ. ಬ್ರೇಕ್ ಅಕ್ಕನಿಗೆ ಕಂಡಿದ್ದು, ಕೆನೆಯ ಬಣ್ಣದ ಸೀಟಿನ ಮೇಲೆ ಮೇಟ್ರನ್ ಆರಾಮಾಗಿ ಕೂತು, ಜಾಗ ಸರಿಮಾಡಿಕೊಳ್ಳಲು ಎರಡು ಸಲ ಅತ್ತಿತ್ತ ಹೊರಳಾಡಿದ್ದು.

ಮನೆಗೆ ಬಂದು ಕಾರನ್ನು ಮತ್ತೆ ಅದೇ ಗೋಡೆಗೆ ಒತ್ತರಿಸಿ ನಿಲ್ಲಿಸಿದಳು. ಕಿಟಕಿಯಲ್ಲಿ ಅತ್ತೆ ಇದ್ದರು.

"ಹೋದಳಾ ನಿನ್ನ ಮೇಟ್ರನ್ನು? ಬೆನ್ನಿಗೆ ರಸ್ತೆಯ ಗೆರೆ ಎಳೆದು ಕಳಿಸಿದೆಯಲ್ಲ."

"ಅತ್ತೆ, ನೀವು ನೋಡಿದ್ರಾ?"

"ನಾನೇನು ನೋಡ್ತೀನಮ್ಮ, ನನಗೆ ಕಣ್ಣು ಮಂಜು. ಕರೀದು ಬಿಳೀದು ಮಾತ್ರ ಕಾಣುತ್ತೆ."

ಅವಳು ಒಂದು ಬಟ್ಟೆ ಹಿಡಿದುಕೊಂಡು ಸಂದಿಯ ಬಾಯಲ್ಲಿ ನಿಂತಳು. ಈ ಬದಿಯನ್ನೂ ಒರೆಸಿಬಿಡಬೇಕು. ಈಗ ಒರೆಸಿದರೆ ಸಾಕ್ಷಿ ಅಳಿಸಿದಂತೆ. ಒರೆಸದಿದ್ದರೆ ಸಾಕ್ಷಿ ಕಾಪಾಡಿದಂತೆ, ಅದೂ ತನ್ನ ವಿರುದ್ಧವೇ. ಮೇಟ್ರನ್ ಫೋನು ಮಾಡಿದರೆ ಹೇಳಿಬಿಡುತ್ತೇನೆ, ಹೇಳುವುದೇ ಆದರೆ ಒರೆಸಿದರೇನು ಬಿಟ್ಟರೇನು. ಹೇಳದಿರುವುದಾದರೆ... ಅವಳು ಬಟ್ಟೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟಳು, ಮತ್ತೆ ಎತ್ತಿಕೊಂಡಳು. ಹೀಗೆ ಮಧ್ಯಾಹ್ನ ಹೋಯಿತು. ಫೋನು ಬರಲಿಲ್ಲ. ಮೇಟ್ರನ್ನೇ ಬಂದರು.

ಬೇರೆ ಯೂನಿಫಾರಂ ಹಾಕಿಕೊಂಡಿದ್ದರು. ಮುಖ ಕೆಂಪಾಗಿತ್ತು.

"ಆ ಕಪ್ಪು ಕನ್ನಡಕದವನು ನನಗೆ ಏನಂದ ಗೊತ್ತಾ? ಅರ್ಧ ದಾರೀಲಿ ಕಾರು ನಿಲ್ಲಿಸಿ, ಮೇಡಂ, ನಿಮ್ಮ ಬಟ್ಟೆಯಿಂದ ನನ್ನ ಸೀಟು ಹಾಳಾಯ್ತು ಅಂತಾನೆ. ನನ್ನ ಬಟ್ಟೆಯಿಂದ! ನಿನ್ನ ಸೀಟಿಂದ ನನ್ನ ಯೂನಿಫಾರಂ ಹಾಳಾಗಿದೆ ನೋಡಯ್ಯ ಅಂದೆ. ಇಡೀ ಬೆನ್ನು ಮಸಿ. ಹೊಸ ಕಾರಂತೆ, ಒಳಗೆ ಏನು ತುಂಬಿಟ್ಟಿದ್ದಾನೋ. ಈ ವೃತ್ತಿಗೆ ಬಂದ ಮೇಲೆ ನನ್ನ ಮೈಮೇಲೆ ಒಂದು ಕಲೆ ತೋರಿಸಿದವರಿಲ್ಲ. ರಕ್ತ ಹತ್ತಿಲ್ಲ, ಟಿಂಚರ್ ಹತ್ತಿಲ್ಲ."

"ಅವರು... ಮತ್ತೇನಂದ್ರು?"

"ಬೆಳಗ್ಗೆ ಆ ಹಳೇ ಕಾರಲ್ಲಿ ಮಸಿ ಹತ್ತಿರಬೇಕು, ಹೋಗಿ ಕೇಳಿ ಅಂದ. ಒಬ್ಬರ ಮಾತು ಕೇಳಿ ತೀರ್ಪು ಕೊಡೋಳಲ್ಲ ನಾನು. ಅದಕ್ಕೇ ಬಂದೆ."

ಮೇಟ್ರನ್ ಜೇಬಿನಿಂದ ಗಾಯಕ್ಕೆ ಕಟ್ಟುವ ಬಿಳಿಯ ಗಾಜ್ ಬಟ್ಟೆಯ ಸುರುಳಿ ತೆಗೆದರು. ವಾರ್ಡಿನ ಕಿಟಕಿಯಂಚಿನ ಧೂಳು ಹಿಡಿಯಲು ಅವರು ಬಳಸುತ್ತಿದ್ದ ವಿಧಾನ ಅದು. ಆ ಸುರುಳಿ ಕಂಡರೆ ನರ್ಸುಗಳಿಗೆ ಜ್ವರ ಬರುತ್ತಿತ್ತಂತೆ. ಒಂದು ತುಂಡು ಹರಿದು ಮುಂದಿನ ಬಂಪರಿನ ಮೇಲೆ ಗಟ್ಟಿಯಾಗಿ ಎಳೆದು, ಬೆಳಕಿಗೆ ಹಿಡಿದರು. ಇನ್ನೊಂದು ತುಂಡು ಹಿಂದಿನ ಬಂಪರಿಗೆ. ಮತ್ತೊಂದು, ಬೀದಿಯ ಕಡೆಯ ಬಾಗಿಲಿನ ಪಟ್ಟಿಗೆ, ಕನ್ನಡಿಗೆ. ಬ್ರೇಕ್ ಅಕ್ಕ ತನಗರಿವಿಲ್ಲದೆ ತನ್ನ ಎರಡು ಕೈಗಳನ್ನೂ ಸೆರಗಿನೊಳಗೆ ಅಡಗಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

ಗಾಜ್ ತುಂಡುಗಳೆಲ್ಲ ಬಿಳಿಯಾಗಿಯೇ ಇದ್ದವು.

"ನೋಡಿ," ಎಂದರು ಮೇಟ್ರನ್, ಅವನ್ನು ಕಿಟಕಿಯಲ್ಲಿದ್ದ ಅತ್ತೆಗೂ ಕಾಣುವಂತೆ ಎತ್ತಿ ಹಿಡಿದು. "ಹಳೇದು ಅಂದ್ರೆ ಹೀಗಿರಬೇಕು."

ಬ್ರೇಕ್ ಅಕ್ಕ ಸೆರಗಿನಿಂದ ಕೈಗಳನ್ನು ಹೊರತೆಗೆದಳು. "ಮೇಡಂ, ಗೋಡೆಯ ಕಡೆ ಬಾಗಿಲೂ ಇದೆ. ಅದನ್ನೂ ಒಂದ್ಸಲ ನೋಡಿಬಿಡಿ." ಹೇಳಿದ ಮೇಲೆ, ಇದನ್ನು ಹೇಳಿದ್ದು ತಾನೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ.

ಮೇಟ್ರನ್ ಸಂದಿಯ ಕಡೆ ನೋಡಿದರು. ಒಂದು ಹೆಜ್ಜೆ ಇಟ್ಟರು. ಕಿಟಕಿಯಲ್ಲಿ ಅತ್ತೆ ಕೆಮ್ಮಿದರು.

"ಬೇಡ. ಬೆಳಗ್ಗೆನೇ ಅಲ್ಲಿ ಹೊಟ್ಟೆ ಸಿಕ್ಕಿಹಾಕಿಕೊಂಡು ಉಸಿರು ನಿಂತಿತ್ತು. ಯಾರಿಗೂ ಹೇಳ್ಬೇಡಿ," ಎಂದು ಮೇಟ್ರನ್ ಸ್ವಲ್ಪ ದನಿ ತಗ್ಗಿಸಿದರು. "ಮಂಚದ ಒಂದು ಕಾಲು ಒರೆಸಿ ನೋಡಿದ್ರೆ ಇಡೀ ವಾರ್ಡಿನ ಹಣೆಬರಹ ಗೊತ್ತಾಗುತ್ತೆ ನನಗೆ. ಸೋಮವಾರದಿಂದ ಹುಡುಗೀರು ಬರ್ತಾರೆ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಬರ್ತಾರೆ, ತೂಕಡಿಸಿದ್ರೆ ಬಯ್ಯಿರಿ."

ಅವರು ಹೋದ ಮೇಲೆ ಅವಳು ಸಂದಿಗೆ ನುಗ್ಗಿ ಆ ಬದಿಯನ್ನು ಒರೆಸಿದಳು. ಕೈ ಸೋತು ಭುಜ ಉರಿಯುವವರೆಗೆ, ಬಟ್ಟೆ ಇನ್ನು ಬಿಳಿಯಾಗಿಯೇ ಉಳಿಯುತ್ತದೆ ಎಂದು ಖಾತ್ರಿಯಾಗುವವರೆಗೆ ಒರೆಸಿದಳು.

ಸಂಜೆ ಗಂಡ ಉತ್ಸಾಹದಿಂದ ಬಂದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಕೈಕಾಲು ತೊಳೆಯುವ ಮೊದಲೇ ಕಾರಿನ ಸುತ್ತ ಒಂದು ಸಲ ನಡೆದು, ಬಂಪರನ್ನು ತಟ್ಟಿ ಬಂದ.

"ನಾನು ಹೇಳಲಿಲ್ವಾ? ಚರ್ಮರೋಗ ಅಂತ? ಮೇಟ್ರನ್ ಏನಂದ್ರು ಬಂಪರ್ ನೋಡಿ?"

"ಹೊಸದರ ಹಾಗಿದೆ ಅಂದ್ರು."

"ಹಾಗೇ ಅಂದ್ರಾ? ಅದೇ ಮಾತಾ?"

"ಅದೇ ಮಾತು."

ಊಟಕ್ಕೆ ಕೂತಾಗ ಅವನು ಅದನ್ನು ತಾಯಿಗೂ ಒಮ್ಮೆ ಹೇಳಿದ. ಆಮೇಲೆ ಏನೋ ನೆನಪಾಗಿ ನಕ್ಕ. "ಮಧ್ಯಾಹ್ನ ಕೂಲಿಂಗ್ ಗ್ಲಾಸ್ ಅಂಗಡಿಗೆ ಬಂದಿದ್ದ. ಕನ್ನಡಕ ತೆಗೆದಿದ್ದ ಮಾರಾಯ್ತಿ, ನನಗೆ ಗುರುತೇ ಸಿಗಲಿಲ್ಲ. ಸೀಟಿಗೆ ಯಾವುದೋ ಕಪ್ಪು ಕಲೆಯಂತೆ, ಏನು ಹಾಕಿದ್ರೆ ಹೋಗುತ್ತೆ ಅಂತ ಕೇಳಿದ. ಕಲೆ ಒರೆಸಿದ ಬಟ್ಟೆ ತಂದಿದ್ದ. ಮೂಸಿದೆ, ಬೆರಳಲ್ಲಿ ತಿಕ್ಕಿ ನೋಡಿದೆ. ವಿಚಿತ್ರ ವಸ್ತು. ಇಂಥ ಕಪ್ಪನ್ನ ನಾನು ನೋಡೇ ಇಲ್ಲ ಅಂದೆ. ಸ್ಪಿರಿಟ್ಟು ಕೊಟ್ಟು ಕಳಿಸಿದೆ."

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಸ್ಪಿರಿಟ್ಟಿಗೆ ಹೋಗಲ್ಲ ಅದು," ಎಂದಳು ಬ್ರೇಕ್ ಅಕ್ಕ. "ಮೊದಲು ಸೀಮೆಸುಣ್ಣದ ಪುಡಿ ಉದುರಿಸಿ ಬಿಡೋಕೆ ಹೇಳಿ. ಜಿಡ್ಡು ಹೀರಿಕೊಳ್ಳುತ್ತೆ. ಆಮೇಲೆ ಪಾತ್ರೆ ಸೋಪು."

"ಜಿಡ್ಡು ಅಂತ ನಿನಗೆ ಹೇಗೆ ಗೊತ್ತು?"

"ನೀವೇ ಹೇಳಿದ್ರಲ್ಲ ಈಗ."

"ಹೇಳಿದ್ನಾ?"

"ಹೇಳಿದೆ ಕಣೋ," ಎಂದರು ಅತ್ತೆ. "ತಿಂದು ಏಳು."

ಗಂಡ ತಿಂದು ಎದ್ದು, ಹೊರಗಿನ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತ. ಅವಳಿಗೆ ಪಾತ್ರೆ ತೊಳೆಯುತ್ತ ಒಂದು ವಾಕ್ಯ ಸಿದ್ಧವಾಯಿತು. ಅವನಿಗೆ ಮಾತ್ರ ಹೇಳುವುದು. ಹೇಳಿದರೆ ಬಹುಶಃ ನಗುತ್ತಾನೆ. ನಕ್ಕ ಮೇಲೆ ಯೋಚನೆ ಮಾಡುತ್ತಾನೆ. ತನ್ನ ಲೇಪದ ಹೊಳಪಿಗಲ್ಲ, ಅದರ ಕಲೆಗೆ ನರ್ಸುಗಳು ಸಿಕ್ಕರು ಎಂಬುದು ಆಗ ಅವನಿಗೆ ಹೊಳೆಯುತ್ತದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

ಅವನು ಕೂತಲ್ಲೇ ನಿದ್ದೆ ಹೋಗಿದ್ದ. ಪತ್ರಿಕೆ ಎದೆಯ ಮೇಲೆ ಏರಿ ಇಳಿಯುತ್ತಿತ್ತು. ಇಡೀ ದಿನ ಎಷ್ಟು ಸಲ ಕೈ ತೊಳೆದಿದ್ದನೋ, ಪತ್ರಿಕೆಯನ್ನು ಹಿಡಿದ ಬೆರಳುಗಳು ಬೆಳ್ಳಗಿದ್ದವು. ಉಗುರುಗಳ ಅಂಚಿನಲ್ಲಿ ಮಾತ್ರ, ಹತ್ತಕ್ಕೆ ಹತ್ತರಲ್ಲೂ, ಒಂದೊಂದು ತೆಳು ಕಪ್ಪು ಗೆರೆ ಉಳಿದಿತ್ತು.

ಇಲ್ಲ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಪತ್ರಿಕೆ ಜಾರದಂತೆ ಮೆಲ್ಲಗೆ ಸರಿಮಾಡಿ, ಅವನ ಪಕ್ಕದ ಮೆಟ್ಟಿಲ ಮೇಲೆ ಕೂತಳು.